ನಗಿಸಲು ಯಾರ ಅಪ್ಪಣೆ? ಬ್ರಿಟಿಷ್ ಸ್ಟ್ಯಾಂಡ್-ಅಪ್ ಕಾಮಿಡಿಯೂ ಅದರ ಪರವಾನಗಿಗಳೂ

ಬ್ರಿಟನ್ನಿನಲ್ಲಿ 1737ರಿಂದ 1968ರವರೆಗೆ ಹೊಸ ನಾಟಕವೊಂದು ರಂಗಕ್ಕೆ ಬರಬೇಕಾದರೆ ಅದರ ಹಸ್ತಪ್ರತಿ ಮೊದಲು ಅರಮನೆಯ ಅಧಿಕಾರಿಯೊಬ್ಬನ ಮೇಜಿಗೆ ಹೋಗಿ ಬರಬೇಕಿತ್ತು. ಲಾರ್ಡ್ ಚೇಂಬರ್ಲೇನ್ ಎಂಬ ಈ ಅಧಿಕಾರಿಯ ಕಚೇರಿ ಸಾಲು ಹೊಡೆದುಹಾಕುತ್ತಿತ್ತು, ದೃಶ್ಯ ಕತ್ತರಿಸುತ್ತಿತ್ತು, ಬೇಡವೆನಿಸಿದರೆ ನಾಟಕವನ್ನೇ ತಡೆಯುತ್ತಿತ್ತು. ಪ್ರಧಾನಿ ರಾಬರ್ಟ್ ವಾಲ್ಪೋಲ್ ತನ್ನನ್ನು ಗೇಲಿ ಮಾಡುವ ನಾಟಕಗಳ ಕಾಟ ತಾಳಲಾರದೆ ತಂದ ಕಾನೂನು ಇದು. ಆದರೆ ನಾಟಕವೆಂದರೆ ಏನೆಂದು ಬಲ್ಲ ಈ ಕಾನೂನಿಗೆ, ಒಬ್ಬನೇ ನಿಂತು ಎದುರಿಗಿರುವ ಜನರೊಡನೆ ಮಾತಿಗಿಳಿಯುವವನನ್ನು ಎಲ್ಲಿ ಸೇರಿಸಬೇಕೆಂದು ಹೊಳೆದಿರಲಿಲ್ಲ.

ಸ್ಟ್ಯಾಂಡ್-ಅಪ್ ಕಾಮಿಡಿಯ ಚರಿತ್ರೆಯನ್ನು ಸಾಮಾನ್ಯವಾಗಿ ಕಲಾವಿದರ ವಂಶಾವಳಿಯಾಗಿ ಬರೆಯುತ್ತಾರೆ: ಮ್ಯೂಸಿಕ್ ಹಾಲಿನ ಗಾಯಕರು, ಅವರ ನಂತರ ವೆರೈಟಿ ತಾರೆಯರು, ಆಮೇಲೆ ಟಿವಿ, ಕೊನೆಗೆ 1979ರ ‘ಕ್ರಾಂತಿ’. ಈ ವಂಶಾವಳಿ ಸುಳ್ಳಲ್ಲ, ಆದರೆ ಅದರಿಂದ ತಿಳಿಯುವುದು ಕಡಿಮೆ. ನಗಿಸುವವನು ನಿಂತ ಕೋಣೆಗೆ ಲೈಸೆನ್ಸು ಕೊಟ್ಟವರು ಯಾರು, ಯಾವ ಷರತ್ತಿನ ಮೇಲೆ ಕೊಟ್ಟರು ಎಂದು ಕೇಳುತ್ತಾ ಹೋದರೆ ಈ ಕಲೆಯ ರೂಪ ಹೀಗೇಕಾಯಿತು ಎನ್ನುವುದು ಹೆಚ್ಚು ಸ್ಪಷ್ಟವಾಗುತ್ತದೆ.

1843ರ ಥಿಯೇಟರ್ಸ್ ಆಕ್ಟ್ ಹೆಂಡದಂಗಡಿಗಳ ಹಿಂಬದಿಯ ಹಾಡುಕೋಣೆಗಳನ್ನು ಇಕ್ಕಟ್ಟಿಗೆ ಸಿಕ್ಕಿಸಿತು. ನಾಟಕ ಆಡುವ ಪರವಾನಗಿ ಪಡೆದರೆ ಸಭಾಂಗಣದಲ್ಲಿ ಕುಡಿಯುವಂತಿಲ್ಲ. ಗ್ಲಾಸು, ಹೊಗೆ, ಹರಟೆ ಎಲ್ಲ ಬೇಕೆಂದರೆ ನಾಟಕ ಆಡುವಂತಿಲ್ಲ. ಬಹುಪಾಲು ಮಾಲೀಕರು ಗ್ಲಾಸನ್ನೇ ಆರಿಸಿಕೊಂಡರು. ಚಾರ್ಲ್ಸ್ ಮಾರ್ಟನ್ 1852ರಲ್ಲಿ ಲಂಡನ್ನಿನ ಲ್ಯಾಂಬೆತ್ತಿನಲ್ಲಿ ತೆರೆದ ಕ್ಯಾಂಟರ್ಬರಿ ಹಾಲ್ ಈ ಹೊಸ ವ್ಯಾಪಾರಕ್ಕೆ ಮಾದರಿಯಾಯಿತು. ಸಂಗೀತ, ಕುಣಿತಗಳಿಗೆ ಸ್ಥಳೀಯ ಮ್ಯಾಜಿಸ್ಟ್ರೇಟರ ಅನುಮತಿ ಸಾಕು. ಇಬ್ಬರು ಪಾತ್ರಧಾರಿಗಳು ಪರಸ್ಪರ ಸಂಭಾಷಣೆಗೆ ತೊಡಗಿದರೆ ಮಾತ್ರ ಅಪಾಯ, ಅದು ನಾಟಕವೆಂದು ಥಿಯೇಟರ್ ಮಾಲೀಕರು ಕೋರ್ಟು ಹತ್ತುತ್ತಿದ್ದರು. ಹಾಗಾಗಿ ಒಬ್ಬನೇ ನಿಂತು, ಗೋಡೆಯಂಥದ್ದೇನೂ ಇಲ್ಲವೆಂಬಂತೆ ಜನರತ್ತಲೇ ತಿರುಗಿ ಹಾಡುವುದು ಎಲ್ಲರಿಗೂ ಕ್ಷೇಮವಾಗಿತ್ತು. ಸ್ಟ್ಯಾಂಡ್-ಅಪ್‌ನ ಮೂಲ ಭಂಗಿ ಕಲೆಯ ಒಳಗಿನಿಂದ ಎಷ್ಟು ಹುಟ್ಟಿತೋ ವಕೀಲರ ಭಯದಿಂದಲೂ ಅಷ್ಟೇ ಹುಟ್ಟಿತು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಹಾಡು ಮಾತಾದದ್ದು ಡ್ಯಾನ್ ಲೀನೋನ ಕೈಯಲ್ಲಿ. 1860ರಲ್ಲಿ ಹುಟ್ಟಿದ ಈ ಪುಟ್ಟ ಆಳು ಒಂದೆರಡು ಚರಣ ಹಾಡಿ ನಡುವೆ ಮಾತಿಗೆ ಇಳಿಯುತ್ತಿದ್ದ. ವರ್ಷ ಕಳೆದಂತೆ ಚರಣಗಳು ಕುಗ್ಗಿದವು, ಮಾತು ಹಿಗ್ಗಿತು. ಹೆಂಗಸಿನ ವೇಷ ತೊಟ್ಟು ಮಿಸೆಸ್ ಕೆಲ್ಲಿ ಎಂಬ ನೆರೆಹೊರೆಯವಳ ವಿಷಯ ಎತ್ತುತ್ತಿದ್ದ. ಮಿಸೆಸ್ ಕೆಲ್ಲಿ ಗೊತ್ತಲ್ಲ ಎಂದು ಸಭಿಕರನ್ನು ಕೇಳುವುದು, ಗೊತ್ತಿಲ್ಲವೆಂದರೆ ಬೆರಗಾಗುವುದು, ಮತ್ತೆ ಅವಳ ಗುರುತು ಹೇಳಲು ಹೊರಟು ದಾರಿ ತಪ್ಪುವುದು. ಕತೆ ಕೊನೆಗೂ ಶುರುವಾಗುವುದೇ ಇಲ್ಲ. ಇಂದು ಯಾವ ಕ್ಲಬ್ಬಿನಲ್ಲಿ ಆಡಿದರೂ ಇದು ಹೊಸದೆನಿಸಬಹುದು. 1901ರಲ್ಲಿ ಏಳನೇ ಎಡ್ವರ್ಡ್ ದೊರೆಯ ಮುಂದೆ ಸ್ಯಾಂಡ್ರಿಂಗಮ್ಮಿನಲ್ಲಿ ಆಡಿದ ಮೇಲೆ ‘ರಾಜವಿದೂಷಕ’ ಎನಿಸಿಕೊಂಡವನು ಮೂರೇ ವರ್ಷಕ್ಕೆ, ನಲವತ್ಮೂರರ ವಯಸ್ಸಿಗೆ, ತೀರಿಕೊಂಡ.

ಮ್ಯೂಸಿಕ್ ಹಾಲಿನ ಗಾಳಿ ಕನ್ನಡಕ್ಕೂ ಬೀಸಿದೆ. ಭೂಗರ್ಭಶಾಸ್ತ್ರ ಓದಲು ಲಂಡನ್ನಿಗೆ ಹೋಗಿದ್ದ ಟಿ.ಪಿ. ಕೈಲಾಸಂ ಅವರ ‘ತಿಪ್ಪಾರಳ್ಳಿ’ ಹಾಡಿನ ಹಿಂದಿರುವುದು 1912ರಲ್ಲಿ ಜಾಕ್ ಜಡ್ಜ್ ರಂಗಕ್ಕೆ ತಂದ ‘ಟಿಪ್ಪರರಿ’. ‘ಕೋಳೀಕೆ ರಂಗ’ನ ಬೆನ್ನಿಗೂ ಅಂಥದ್ದೇ ಒಂದು ಇಂಗ್ಲಿಷ್ ಹಾಡಿದೆ. ನಮ್ಮ ಹಾಸ್ಯದ ಚರಿತ್ರೆಕಾರರು ಕೈಲಾಸಂರ ನಾಟಕಗಳ ಮೇಲೆ ಸುರಿಸಿದ ಶಾಯಿಯ ಒಂದು ಪಾಲನ್ನು ಈ ಹಾಡುಗಳಿಗೂ ಮೀಸಲಿಡಬಹುದಿತ್ತು.

ಮ್ಯಾಜಿಸ್ಟ್ರೇಟರ ಲೈಸೆನ್ಸು ಸಲೀಸಾಗಿ ಸಿಗುತ್ತಿತ್ತೆಂದಲ್ಲ. 1889ರಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಬಂದ ಮೇಲೆ ಅದರ ಇನ್ಸ್‌ಪೆಕ್ಟರುಗಳು ಹಾಲುಗಳಲ್ಲಿ ಕೂತು ಟಿಪ್ಪಣಿ ಮಾಡಿಕೊಳ್ಳತೊಡಗಿದರು. ಮ್ಯೂಸಿಕ್ ಹಾಲಿನ ಗಾಯಕಿ ಮೇರಿ ಲಾಯ್ಡ್‌ಳ ಕತೆಯೊಂದು ಈ ಸಂದರ್ಭಕ್ಕೆ ಅಂಟಿಕೊಂಡಿದೆ. ಅಧಿಕಾರಿಗಳ ಮುಂದೆ ತನ್ನ ಪೋಲಿ ಹಾಡುಗಳನ್ನು ಮಗುವಿನಷ್ಟು ಮುಗ್ಧವಾಗಿ ಹಾಡಿ ತೋರಿಸಿ, ಆಮೇಲೆ ಮನೆಮಂದಿಯೆಲ್ಲ ಕೂತು ಕೇಳುವ ಟೆನಿಸನ್ನನ ಗೀತೆಯೊಂದನ್ನು ಕಣ್ಣು ಮಿಟುಕಿಸುತ್ತ ಹಾಡಿ ಅವರ ಕಿವಿ ಕೆಂಪಾಗಿಸಿದಳಂತೆ. ಇದು ದಂತಕತೆಯೇ ಇರಬೇಕು, ಆದರೆ ಇದು ಹಬ್ಬಿದ ರೀತಿ ಗಮನಿಸತಕ್ಕದ್ದು: ಪದದಲ್ಲಿ ಸಿಕ್ಕದ ತಪ್ಪು ಹುಬ್ಬಿನಲ್ಲಿರುತ್ತದೆ, ಹುಬ್ಬನ್ನು ಸೆನ್ಸಾರು ಮಾಡಲಾಗದು ಎಂಬ ತಿಳಿವಳಿಕೆ ಆಗಲೇ ಜನಜನಿತವಾಗಿತ್ತು. 1912ರಲ್ಲಿ ಐದನೇ ಜಾರ್ಜ್ ದೊರೆಗಾಗಿ ಪ್ಯಾಲೇಸ್ ಥಿಯೇಟರಿನಲ್ಲಿ ಮೊದಲ ಬಾರಿಗೆ ರಾಯಲ್ ಕಮಾಂಡ್ ಪ್ರದರ್ಶನ ನಡೆದಾಗ ಮೇರಿ ಲಾಯ್ಡ್‌ಗೆ ಕರೆ ಹೋಗಲಿಲ್ಲ.

ಈ ತಿಳಿವಳಿಕೆಯನ್ನು ತಂತ್ರವಾಗಿ ಪಳಗಿಸಿದವನು ಬ್ರೈಟನ್ನಿನ ಮ್ಯಾಕ್ಸ್ ಮಿಲ್ಲರ್ (1894–1963). ಹೂಚಿತ್ತಾರದ ಸೂಟು, ಮೊಣಕಾಲ ಕೆಳಗೆ ಉಬ್ಬಿ ನಿಂತ ಚಲ್ಲಣ, ಪಕ್ಕಕ್ಕೆ ವಾಲಿದ ಬಿಳಿ ಹ್ಯಾಟು. ಜೇಬಿನಿಂದ ಎರಡು ಪುಸ್ತಕ ತೆಗೆಯುವನು, ಒಂದು ಬಿಳಿಯದು, ಒಂದು ನೀಲಿ. ಬಿಳಿಯದರಲ್ಲಿ ಸಭ್ಯ ಜೋಕು, ನೀಲಿಯದರಲ್ಲಿ ಮಿಕ್ಕದ್ದು. ಯಾವುದು ಬೇಕೆಂದು ಜನರನ್ನೇ ಕೇಳುವನು. ಜನ ನೀಲಿ ಎಂದು ಕೂಗುವರು. ಮ್ಯಾನೇಜರ್ ಕೇಳಿಸಿಕೊಳ್ಳುತ್ತಿದ್ದಾನೋ ಎಂಬಂತೆ ಒಮ್ಮೆ ಪಕ್ಕದ ಪರದೆಯತ್ತ ಇಣುಕಿ ಪ್ರಾಸದ ಪದ್ಯ ಶುರುಮಾಡುವನು. ಕೊನೆಯ ಸಾಲಿನ ಕೊನೆಯ ಪದ ಬರಬೇಕು, ಅಷ್ಟರಲ್ಲಿ ಬಾಯಿ ಮುಚ್ಚಿಬಿಡುವನು. ಪ್ರಾಸ ತಾನಾಗಿ ಜನರ ತಲೆಯಲ್ಲಿ ಪೂರ್ತಿಯಾಗಿ ಸಭೆ ಗೊಳ್ಳೆಂದರೆ, ನಿಮ್ಮಂಥವರಿಂದಲೇ ನನ್ನ ಹೆಸರು ಕೆಡುವುದು ಎಂದು ಅವರನ್ನೇ ಗದರುವನು. ಪುಸ್ತಕ ಆರಿಸಿದವರು ಅವರು, ಪದ ತುಂಬಿದವರು ಅವರು. ಆರೋಪ ಹೊರಿಸುವುದಾದರೆ ಇಡೀ ಸಭೆಯ ಮೇಲೆಯೇ ಹೊರಿಸಬೇಕು.

ಹೋಲ್ಬರ್ನ್ ಎಂಪೈರ್ ಥಿಯೇಟರಿನಲ್ಲಿ 1938ರಲ್ಲಿ ಮಾಡಿದ ನೇರ ಧ್ವನಿಮುದ್ರಿಕೆಗಳಲ್ಲಿ ಆ ತಡೆಯೂ ಅದರ ಬೆನ್ನಿಗೆ ಏಳುವ ನಗೆಯೂ ಇಂದಿಗೂ ಕೇಳುತ್ತವೆ. ಈ ಕ್ಷೇತ್ರದ ಆಕರಗಳಲ್ಲಿ ಒಂದು ತಮಾಷೆಯ ಅಸಮತೋಲವಿದೆ. ಸೆನ್ಸಾರಿಗೆ ಒಳಗಾದ ನಾಟಕಗಳ ಹಸ್ತಪ್ರತಿಗಳು ಲಾರ್ಡ್ ಚೇಂಬರ್ಲೇನ್ ಸಂಗ್ರಹವಾಗಿ ಬ್ರಿಟಿಷ್ ಲೈಬ್ರರಿಯಲ್ಲಿ ಭದ್ರವಾಗಿವೆ. ತಪ್ಪಿಸಿಕೊಂಡವರ ಮಾತು ಗಾಳಿಗೆ ಹೋಯಿತು. ಕೆಂಟ್ ವಿಶ್ವವಿದ್ಯಾಲಯ ಬ್ರಿಟಿಷ್ ಸ್ಟ್ಯಾಂಡ್-ಅಪ್ ಕಾಮಿಡಿ ಆರ್ಕೈವ್ ಕಟ್ಟಲು ಹೊರಟದ್ದು 2013ರಲ್ಲಿ, ಅದೂ ಹಾಸ್ಯಗಾರ್ತಿ ಲಿಂಡಾ ಸ್ಮಿತ್ ಬಿಟ್ಟುಹೋದ ಕಾಗದಪತ್ರ, ಕ್ಯಾಸೆಟ್ಟುಗಳಿಂದ.

ಸೊಹೊದ ವಿಂಡ್‌ಮಿಲ್ ಥಿಯೇಟರಿನಲ್ಲಿ ಪರವಾನಗಿಯ ತರ್ಕ ಹಾಸ್ಯಾಸ್ಪದದ ತುದಿ ಮುಟ್ಟಿತು. 1932ರಿಂದ ಅಲ್ಲಿ ಮಧ್ಯಾಹ್ನದಿಂದ ರಾತ್ರಿಯವರೆಗೆ ಬಿಡುವಿಲ್ಲದ ಪ್ರದರ್ಶನ. ಬೆತ್ತಲೆ ಹೆಂಗಸರು ರಂಗದ ಮೇಲಿರಬಹುದು, ಆದರೆ ಶಿಲಾಪ್ರತಿಮೆಯಂತೆ ನಿಂತಿರಬೇಕು, ಅಲುಗಾಡಿದರೆ ಅಶ್ಲೀಲ. ಒಂದು ಪ್ರತಿಮೆ ಸರಿದು ಇನ್ನೊಂದು ಬರುವ ಹೊತ್ತನ್ನು ತುಂಬಲು ಹಾಸ್ಯಗಾರರು ಬೇಕಾದರು. ಎರಡನೇ ಮಹಾಯುದ್ಧದಿಂದ ಮರಳಿದ ಹುಡುಗರು, ಟೋನಿ ಹ್ಯಾನ್‌ಕಾಕ್, ಪೀಟರ್ ಸೆಲ್ಲರ್ಸ್, ಹ್ಯಾರಿ ಸೀಕೊಂಬ್, ಟಾಮಿ ಕೂಪರ್ ಇಲ್ಲಿ ಕಸುಬು ಕಲಿತರು. ಎದುರಿಗೆ ಕೂತವರ ಮುಖದಲ್ಲಿ ಇವನು ಯಾವಾಗ ತೊಲಗುತ್ತಾನೋ ಎಂಬ ಅವಸರ. ಮುಂದಿನ ಸಾಲಿನ ಆಸನ ಖಾಲಿಯಾದರೆ ಹಿಂದಿನವರು ಕುರ್ಚಿಗಳ ಮೇಲೆ ಹಾರಿ ಬರುತ್ತಿದ್ದರು, ಹಾಸ್ಯಗಾರನ ಮಾತಿನ ನಡುವೆಯೇ. ಆಮೇಲೆ ಇವರಿಗೆ ಯಾವ ಸಭೆಯೂ ಕಷ್ಟವೆನಿಸಲಿಲ್ಲವಾದರೆ ಆಶ್ಚರ್ಯವಿಲ್ಲ.

ಬಿಬಿಸಿಗೆ ಅರಮನೆಯ ಸೆನ್ಸಾರು ಬೇಕಿರಲಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿತ್ತು. 1940ರ ದಶಕದ ಕೊನೆಯಲ್ಲಿ ವೆರೈಟಿ ವಿಭಾಗ ಹೊರಡಿಸಿದ, ಹಸಿರು ಪುಸ್ತಕವೆಂದೇ ಹೆಸರಾದ ಕೈಪಿಡಿ ಪಾಯಿಖಾನೆ, ಹೆಣ್ಣಿಗತನದ ಗಂಡಸರು, ಮಧುಚಂದ್ರದ ಜೋಡಿ, ಕೋಣೆಯ ಕೆಲಸದಾಕೆ, ಹೆಂಗಸರ ಒಳ ಉಡುಪು, ಮೊಲಗಳ ಸ್ವಭಾವ ಇವೆಲ್ಲದರ ಮೇಲಿನ ಜೋಕುಗಳನ್ನು ನಿಷೇಧಿಸಿತು. ಈಗ ಓದಿದರೆ ಅದು ಆ ಕಾಲದ ಜೋಕುಗಳ ಅತ್ಯುತ್ತಮ ಸೂಚಿ. ನಮ್ಮ ಅಹಮದ್‌ನಗರದಲ್ಲಿ ಹುಟ್ಟಿ ಪುಣೆಯಲ್ಲಿ ಬಾಲ್ಯ ಕಳೆದ ಸ್ಪೈಕ್ ಮಿಲಿಗನ್ 1951ರಲ್ಲಿ ಆರಂಭವಾದ ರೇಡಿಯೋ ಕಾರ್ಯಕ್ರಮ ‘ಗೂನ್ ಶೋ’ದಲ್ಲಿ ಸಿಪಾಯಿಗಳ ಪೋಲಿ ಮಾತುಗಳನ್ನು ಪಾತ್ರಗಳ ಹೆಸರಿನ ಮರೆಯಲ್ಲಿ ಸಾಗಿಸಿದ, ಅಧಿಕಾರಿಗಳು ಬಡ್ತಿ ಪಡೆದ ಸಂಭಾವಿತರು, ಬ್ಯಾರಕ್ಕಿನ ಭಾಷೆ ಅವರಿಗೆ ತಿಳಿಯಲಿಲ್ಲ.

ಖಾಸಗಿ ಕ್ಲಬ್ಬು ಎಂಬ ಹಿಂಬಾಗಿಲು ಇದ್ದೇ ಇತ್ತು. ಸದಸ್ಯರಿಗಷ್ಟೇ ಎಂದು ಫಲಕ ಹಾಕಿದರೆ ಲಾರ್ಡ್ ಚೇಂಬರ್ಲೇನ್ ಒಳಗೆ ಕಾಲಿಡುವಂತಿಲ್ಲ. ಪೀಟರ್ ಕುಕ್ ಮತ್ತು ನಿಕೊಲಸ್ ಲುವಾರ್ಡ್ 1961ರಲ್ಲಿ ಸೊಹೊದ ಗ್ರೀಕ್ ಸ್ಟ್ರೀಟಿನಲ್ಲಿ ತೆರೆದ ಎಸ್ಟಾಬ್ಲಿಷ್‌ಮೆಂಟ್ ಕ್ಲಬ್ ಈ ಬಾಗಿಲಿನಿಂದ ನುಗ್ಗಿತು. ಮರುವರ್ಷ ಅಮೆರಿಕದ ಲೆನ್ನಿ ಬ್ರೂಸ್ ಅಲ್ಲಿ ಆಡಿದ. 1963ರಲ್ಲಿ ಮತ್ತೆ ಬಂದಾಗ ಸರ್ಕಾರ ಅವನನ್ನು ದೇಶದೊಳಕ್ಕೇ ಬಿಡಲಿಲ್ಲ. ಕ್ಲಬ್ಬಿನ ಬಾಗಿಲು ಕಾಯಲಾಗದವರು ವಿಮಾನ ನಿಲ್ದಾಣದ ಬಾಗಿಲು ಕಾದರು.

ಇದೇ ಹಿಂಬಾಗಿಲನ್ನು ಉತ್ತರ ಇಂಗ್ಲೆಂಡಿನ ಕಾರ್ಮಿಕರು ಆಗಲೇ ನೂರು ವರ್ಷದಿಂದ ಬಳಸುತ್ತಿದ್ದರು. ಪಾದ್ರಿ ಹೆನ್ರಿ ಸೊಲ್ಲಿ 1862ರಲ್ಲಿ ವರ್ಕಿಂಗ್ ಮೆನ್ಸ್ ಕ್ಲಬ್‌ಗಳ ಒಕ್ಕೂಟ ಕಟ್ಟಿದ್ದು ದುಡಿಯುವವರನ್ನು ಹೆಂಡದಿಂದ ಬಿಡಿಸಲು. ಬಿಯರು ಬೇಗನೇ ಒಳಬಂತು, ಅದರ ಹಿಂದೆ ಹಾಸ್ಯಗಾರನೂ ಬಂದ. ಇಲ್ಲಿ ಅಪ್ಪಣೆ ಕೊಡುವವರು ಕಮಿಟಿಯ ಹಿರಿತಲೆಗಳು. ಬಿಂಗೋ ಆಟಕ್ಕೆ ಹೊತ್ತಾಯಿತೆಂದರೆ ಜೋಕು ಅರ್ಧಕ್ಕೆ ನಿಲ್ಲಬೇಕು. ಗ್ರಾನಡಾ ಟಿವಿ 1971ರಲ್ಲಿ ‘ದಿ ಕಮೀಡಿಯನ್ಸ್’ ಕಾರ್ಯಕ್ರಮದಲ್ಲಿ ಈ ಲೋಕವನ್ನು ದೇಶಕ್ಕೆ ತೋರಿಸಿದಾಗ ಬರ್ನಾರ್ಡ್ ಮ್ಯಾನಿಂಗ್ ಮನೆಮಾತಾದ. ಅವನ ಸರಕಿನಲ್ಲಿ ವಲಸಿಗರ ಮೇಲಿನ ಜೋಕಿಗೆ ದೊಡ್ಡ ಪಾಲು. ಮಾಜಿ ಫುಟ್‌ಬಾಲ್ ಆಟಗಾರ, ಕಪ್ಪು ವರ್ಣದ ಚಾರ್ಲಿ ವಿಲಿಯಮ್ಸ್ ಅಪ್ಪಟ ಯಾರ್ಕ್‌ಶರ್ ಧಾಟಿಯಲ್ಲಿ ತನ್ನ ಬಣ್ಣವನ್ನೇ ಗೇಲಿಗಿಟ್ಟು ಆ ಸಭೆಗಳನ್ನು ಗೆದ್ದ. ಆ ಗೆಲುವಿಗೆ ಅವನು ತೆತ್ತ ಬೆಲೆಯನ್ನು ಮುಂದಿನ ಪೀಳಿಗೆ ಕಟುವಾಗಿ ಎಣಿಸಿತು, ನನಗನ್ನಿಸುವಂತೆ ತುಸು ಅನ್ಯಾಯವಾಗಿ. ಕ್ಲಬ್ಬುಗಳಲ್ಲಿ ವರ್ಣಭೇದವಿದ್ದದ್ದು ಜೋಕಿನಲ್ಲಿ ಮಾತ್ರವಲ್ಲ. ಪ್ರೆಸ್ಟನ್ನಿನ ಡಾಕರ್ಸ್ ಕ್ಲಬ್ಬಿನ ಮೊಕದ್ದಮೆಯಲ್ಲಿ ಹೌಸ್ ಆಫ್ ಲಾರ್ಡ್ಸ್ 1974ರಲ್ಲಿ, ಇದು ಸಾರ್ವಜನಿಕ ಸ್ಥಳವಲ್ಲ, ಬಣ್ಣ ನೋಡಿ ಹೊರಗಿಟ್ಟರೆ ಕಾನೂನು ಅಡ್ಡ ಬರುವುದಿಲ್ಲ ಎಂದಿತು. ಆ ಕಂಡಿ ಮುಚ್ಚಲು 1976ರ ಕಾಯ್ದೆ ಬೇಕಾಯಿತು. ಹೆಂಗಸರಿಗೆ ಒಕ್ಕೂಟದಲ್ಲಿ ಸಮಾನ ಸದಸ್ಯತ್ವ ದೊರೆತದ್ದು 2007ರಲ್ಲಿ. ಸೆನ್ಸಾರನ್ನು ಹೊರಗಿಟ್ಟ ಗೋಡೆ ಬೇರೆ ಎಷ್ಟೋ ಜನರನ್ನೂ ಹೊರಗಿಟ್ಟಿತ್ತು.

1979ರ ಮೇ 19ರಂದು, ಥ್ಯಾಚರ್ ಪ್ರಧಾನಿಯಾದ ಎರಡು ವಾರಕ್ಕೆ, ವಿಮೆ ಮಾರುವ ಪೀಟರ್ ರೋಸೆನ್‌ಗಾರ್ಡ್ ಮತ್ತು ಡಾನ್ ವಾರ್ಡ್ ಸೊಹೊದ ಡೀನ್ ಸ್ಟ್ರೀಟಿನಲ್ಲಿ ಬೆತ್ತಲೆ ಕುಣಿತದ ಕ್ಲಬ್ಬೊಂದರ ಮಹಡಿಯಲ್ಲಿ ಕಾಮಿಡಿ ಸ್ಟೋರ್ ತೆರೆದರು. ಯಾರು ಬೇಕಾದರೂ ಹತ್ತಬಹುದು. ಜನರಿಗೆ ಸಾಕೆನಿಸಿದರೆ ಕೂಗುತ್ತಾರೆ, ನಿರೂಪಕ ಅಲೆಕ್ಸೈ ಸೇಲ್ ಜಾಗಟೆ ಬಾರಿಸುತ್ತಾನೆ, ಇಳಿಯಬೇಕು. ನಡುರಾತ್ರಿಯ ಕುಡುಕರ ಈ ಜಾಗಟೆ ಲಾರ್ಡ್ ಚೇಂಬರ್ಲೇನನ ಪೆನ್ಸಿಲಿಗಿಂತ ನಿರ್ದಯವಾಗಿತ್ತು. ಇಲ್ಲಿಂದ ಹೊರಟ ಟೋನಿ ಅಲೆನ್, ರಿಕ್ ಮೇಯಲ್ ಮೊದಲಾದವರ ಗುಂಪಿಗೆ ‘ಆಲ್ಟರ್ನೇಟಿವ್’ ಎಂಬ ಹಣೆಪಟ್ಟಿ ಬಿತ್ತು. ವರ್ಣ, ಲಿಂಗಗಳನ್ನು ಹೀಯಾಳಿಸುವ ಜೋಕು ಬೇಡ ಎಂಬುದು ಅವರ ಸ್ವಯಂ ನಿಬಂಧನೆ. ಹಾಸ್ಯಗಾರರು ಮೇಲಿನವರು ಹೇರದೆ ತಾವಾಗಿಯೇ ನಿಷೇಧದ ಪಟ್ಟಿ ಬರೆದುಕೊಂಡದ್ದು ಈ ಚರಿತ್ರೆಯಲ್ಲಿ ಹೊಸದು. ಅದಕ್ಕೆ ಸಿಕ್ಕ ಪ್ರತಿಫಲವೂ ಸಣ್ಣದಲ್ಲ. ಮನೋರೋಗಿಗಳ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಜೋ ಬ್ರಾಂಡ್ ಕೂಗಾಡುವ ಗಂಡಸರನ್ನು ತಣ್ಣಗೆ ಕೂರಿಸಿದಳು. 1998ರಲ್ಲಿ ‘ಗುಡ್‌ನೆಸ್ ಗ್ರೇಷಸ್ ಮಿ’ ಟಿವಿಗೆ ಬಂದು ಮ್ಯಾನಿಂಗ್‌ನ ಜೋಕುಗಳ ಸರಕಾಗಿದ್ದವರು ಇಂಗ್ಲಿಷರ ಊಟವನ್ನು ಗೇಲಿಗೆ ಎಳೆದರು.

ಅಲ್ಲಿಗೆ ಕಾನೂನು ಹಿಂದೆ ಸರಿಯಿತೆಂದು ತಿಳಿಯುವಂತಿಲ್ಲ. ಧಾರ್ಮಿಕ ದ್ವೇಷ ಪ್ರಚೋದನೆಯ ವಿರುದ್ಧ ಬ್ಲೇರ್ ಸರ್ಕಾರ ತಂದ ಮಸೂದೆ ಹಾಸ್ಯದ ಬಾಯಿ ಕಟ್ಟೀತೆಂದು ರೋವನ್ ಅಟ್‌ಕಿನ್‌ಸನ್ ಬಹಿರಂಗವಾಗಿ ವಿರೋಧಿಸಿದ. ನಮಗೆಲ್ಲ ಮಾತೇ ಆಡದ ಮಿಸ್ಟರ್ ಬೀನ್ ಆಗಿ ಗೊತ್ತಿರುವವನು ಪಾರ್ಲಿಮೆಂಟಿನ ಅಂಗಳದಲ್ಲಿ ಮಾತಿನ ಪರ ವಾದಿಸಿದ. 2006ರ ಜನವರಿ 31ರಂದು ಸರ್ಕಾರ ಒಂದೇ ಮತದಿಂದ, 283ಕ್ಕೆ 282ರಲ್ಲಿ, ಸೋತಿತು. ಗೆಲುವು ಖಾತ್ರಿಯೆಂಬ ಲೆಕ್ಕದಲ್ಲಿ ಪ್ರಧಾನಿ ಆಗಲೇ ಸದನದಿಂದ ಹೊರಟುಹೋಗಿದ್ದ. ಅಂತಿಮ ಕಾಯ್ದೆಯಲ್ಲಿ ಧರ್ಮಗಳ ಗೇಲಿ, ಅವಹೇಳನಗಳಿಗೆ ಅದು ಅಡ್ಡಿಯಲ್ಲ ಎಂಬ ಕಲಮೇ ಸೇರಿತು. ಆದರೆ ಆ ಕಾಯ್ದೆ ಇಂಗ್ಲೆಂಡ್, ವೇಲ್ಸ್‌ಗಳಿಗೆ ಮಾತ್ರ. ಕರೆಯದಿದ್ದರೂ 1947ರಲ್ಲಿ ಎಂಟು ತಂಡಗಳು ಬಂದು ಶುರುಮಾಡಿದ, ಇಂದು ಸಾವಿರಾರು ಪ್ರದರ್ಶನಗಳ ಹಾಸ್ಯಜಾತ್ರೆಯಾಗಿರುವ ಎಡಿನ್‌ಬರೋ ಫ್ರಿಂಜ್ ಇರುವುದು ಸ್ಕಾಟ್ಲೆಂಡಿನಲ್ಲಿ. ಅಲ್ಲಿನ ಪ್ರತ್ಯೇಕ ದ್ವೇಷಾಪರಾಧ ಕಾಯ್ದೆ 2024ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದಕ್ಕೆ ಮುಂಚಿನ ವಾರಗಳಲ್ಲಿ ಸ್ಕಾಟ್ಲೆಂಡ್ ಪೊಲೀಸರು, ನಟರನ್ನೂ ಹಾಸ್ಯಗಾರರನ್ನೂ ಗುರಿಮಾಡುವಂತೆ ತಮ್ಮ ಸಿಬ್ಬಂದಿಗೆ ಸೂಚಿಸಿಲ್ಲವೆಂದು ಸ್ಪಷ್ಟೀಕರಣ ಕೊಡಬೇಕಾಯಿತು.