ಗಡಿನಾಡಿನ ತೊಗಲು ಗೊಂಬೆಯವರು

ಪಾವಗಡ ತಾಲ್ಲೂಕಿನ ಭೂಪಟವನ್ನು ಒಮ್ಮೆ ಬಿಡಿಸಿ ನೋಡಿದವರಿಗೆ, ತುಮಕೂರು ಜಿಲ್ಲೆಯ ಮೈಯಿಂದ ಜಾರಿ ಆಂಧ್ರದ ಮಡಿಲಿಗೆ ಬಿದ್ದಂತಿರುವ ಆ ಭೂಭಾಗದ ಆಕೃತಿಯು ತುಸು ನಗೆಯನ್ನು ತರಿಸದಿರದು. ಅದರ ಉತ್ತರಕ್ಕಿರುವ ವೈ.ಎನ್. ಹೊಸಕೋಟೆಯಲ್ಲಂತೂ ಮಗ್ಗದ ಗುಣಿಯಲ್ಲಿ ಕಾಲಿಳಿಬಿಟ್ಟು ರೇಷ್ಮೆ ಸೀರೆ ನೇಯುವಾತನು ಎಳೆಯನ್ನು ಕನ್ನಡದಲ್ಲಿ ಎಣಿಸಿ, ಪಕ್ಕದ ಮಗ್ಗದವನೊಡನೆ ತೆಲುಗಿನಲ್ಲಿ ಹರಟೆ ಹೊಡೆಯುವುದು ಯಾರಿಗೂ ಅಚ್ಚರಿಯ ವಿಷಯವಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕುಂಪಣಿಯವರಿಗೆ ಬಿಟ್ಟುಕೊಟ್ಟಾಗ ಈ ಮಣ್ಣಿನ ಮೇಲೆ ಮೈಸೂರಿನದೊಂದು ಕಡೆ, ಮದರಾಸಿನದೊಂದು ಕಡೆ ಎಂದು ಗೆರೆ ಬಿದ್ದಿತು. 1953ರಲ್ಲಿ ಆಂಧ್ರವೂ 1956ರಲ್ಲಿ ಇಂದಿನ ಕರ್ನಾಟಕವೂ ಏರ್ಪಟ್ಟ ಮೇಲೆ ಅದೇ ಗೆರೆಗೆ ಹೊಸ ಹೆಸರುಗಳು ಬಂದುವು. ಆ ಗೆರೆಯನ್ನು ಎಂದೂ ಲೆಕ್ಕಕ್ಕಿಡದೆ, ಗೊಂಬೆಗಳ ಪೆಟ್ಟಿಗೆಯನ್ನು ಹೊತ್ತು, ಹೆಂಡಿರು ಮಕ್ಕಳೊಡನೆ ಊರೂರು ತಿರುಗುತ್ತಿದ್ದ ಒಂದು ಜನಾಂಗದ ಕಥೆಯನ್ನು ಇಲ್ಲಿ ಹೇಳಬೇಕಾಗಿದೆ.

ಕನ್ನಡ ನಾಡಿನಲ್ಲಿ ಅವರಿಗೆ ಕಿಳ್ಳೇಕ್ಯಾತರೆಂದು ಹೆಸರು. ಶಿಳ್ಳೇಕ್ಯಾತರು, ಗೊಂಬೇರಾಮರು ಎಂಬುವೂ ಉಂಟು. ಉತ್ತರದ ಕಡೆ ಕಟಬರೆನ್ನುವರು. ಗಡಿ ದಾಟಿದರೆ ಬೊಮ್ಮಲಾಟದವರು, ಆರೆಯವರು. ಕಿಳ್ಳೇಕ್ಯಾತನೆಂಬುವನು ಯಾರು? ಪರದೆಯ ಮೇಲೆ ರಾಮನಿಗೂ ಮೊದಲು ಬಂದು ಕುಣಿಯುವ, ಡೊಳ್ಳು ಹೊಟ್ಟೆಯ, ಕರಿಮೈಯ, ನಾಲಗೆಗೆ ಲಂಗುಲಗಾಮಿಲ್ಲದ ಹಾಸ್ಯಗಾರ. ಅವನ ಜೊತೆಗಾತಿ ಬಂಗಾರಕ್ಕ. ತಲೆತಲಾಂತರದಿಂದ ರಾಮಾಯಣ ಭಾರತಗಳನ್ನು ತೊಗಲಿನ ಮೇಲೆ ಬರೆದು ಉಳಿಸಿಕೊಂಡು ಬಂದವರನ್ನು ಲೋಕವು ರಾಮನ ಹೆಸರಿನಿಂದ ಕರೆದದ್ದಕ್ಕಿಂತ ಹೆಚ್ಚಾಗಿ ವಿದೂಷಕನ ಹೆಸರಿನಿಂದಲೇ ಕರೆಯಿತು. ಇದರಲ್ಲಿ ತಾತ್ಸಾರವೆಷ್ಟು, ಸಲಿಗೆಯೆಷ್ಟು ಎಂಬುದನ್ನು ಬೇರ್ಪಡಿಸಿ ಹೇಳುವುದು ಸುಲಭವಲ್ಲ. ನನಗಂತೂ ಎರಡೂ ಸಮಪಾಲಾಗಿ ತೋರುತ್ತವೆ.

ಈ ಜನರು ಮನೆಯೊಳಗೆ ಆಡುವ ನುಡಿಯು ಮರಾಠಿಯದೊಂದು ಪ್ರಭೇದ. ಸಿಂಧೆ ಮುಂತಾದ ಮನೆತನದ ಹೆಸರುಗಳೂ ಆ ಕಡೆಗೇ ಕೈತೋರುತ್ತವೆ. 1638ರಲ್ಲಿ ಬಿಜಾಪುರದ ಸೇನೆಯು ಈ ಸೀಮೆಗೆ ಇಳಿದು, ತರುವಾಯ ಬೆಂಗಳೂರು ಶಹಜಿಯ ಜಹಗೀರಾದುದೂ, 1687ರಲ್ಲಿ ಮೊಗಲರ ಸುಬಾ ಆದ ಶಿರಾ ಪಟ್ಟಣವನ್ನು 1757ರಲ್ಲಿ ಮರಾಠರು ಹಿಡಿದುದೂ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿಗಳಾದ್ದರಿಂದ, ದಂಡಿನ ಬೆನ್ನ ಹಿಂದೆ ಗೊಂಬೆಯ ಪೆಟ್ಟಿಗೆಯೂ ಬಂದಿರಬಹುದೆಂದು ಊಹಿಸುವುದು ಅಸಹಜವಲ್ಲ. ಆದರೆ ಜನ ಬಂದ ದಾರಿಯೇ ಕಲೆ ಬಂದ ದಾರಿಯೂ ಆಗಬೇಕೆಂಬ ನಿಯಮವುಂಟೆ? 13ನೆಯ ಶತಮಾನದ ಪಾಲ್ಕುರಿಕೆ ಸೋಮನಾಥನು ತನ್ನ ‘ಪಂಡಿತಾರಾಧ್ಯ ಚರಿತ್ರ’ದಲ್ಲಿ ಪರದೆಯ ಮರೆಯಲ್ಲಿ ಭಾರತಾದಿ ಕಥೆಗಳನ್ನು ಆಡಿಸುವವರನ್ನು ಆಗಲೇ ಹೆಸರಿಸಿದ್ದಾನೆ. ಈ ನೆಲದಲ್ಲಿ ಮೊದಲೇ ಬೇರೂರಿದ್ದ ವಿದ್ಯೆಯೊಂದನ್ನು ಮರಾಠಿ ಮಾತನಾಡುವ ಅಲೆಮಾರಿಗಳು ಕೈಗೆತ್ತಿಕೊಂಡು, ಕನ್ನಡದ ಊರಿನಲ್ಲಿ ಕನ್ನಡದಲ್ಲಿಯೂ ತೆಲುಗಿನ ಊರಿನಲ್ಲಿ ತೆಲುಗಿನಲ್ಲಿಯೂ ಹಾಡಿ ತಮ್ಮದಾಗಿ ಮಾಡಿಕೊಂಡರೆಂಬುದೇ ನನಗೆ ಒಪ್ಪಿಗೆಯಾದ ಮಾತು.

ಆ ವಿದ್ಯೆಯ ಒಳಹೊಗೋಣ. ಮೇಕೆಯ ಹಸಿ ತೊಗಲನ್ನು ನೀರಿನಲ್ಲಿ ನೆನೆಹಾಕಿ, ಕೂದಲನ್ನೂ ಒಳಗಿನ ಮಾಂಸದ ಪೊರೆಯನ್ನೂ ಹೆರೆದು ತೆಗೆದು, ನೆಲದ ಮೇಲೆ ಬಿಗಿಯಾಗಿ ಎಳೆದು, ಸುತ್ತ ಗೂಟ ಹೊಡೆದು ಒಣಗಿಸಿದರೆ, ಅದು ಎಣ್ಣೆ ಸವರಿದ ಕಾಗದದಂತೆ ಬೆಳಕನ್ನು ಹಾಯಿಸುವ ಹದಕ್ಕೆ ಬರುತ್ತದೆ. ದೇವತೆಗಳ ಗೊಂಬೆಗೆ ಜಿಂಕೆಯ ತೊಗಲೇ ಶ್ರೇಷ್ಠವೆಂಬ ಭಾವನೆಯಿದ್ದಿತು; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನಂತರ ದೇವರಿಗೂ ಮೇಕೆಯೇ ಗತಿಯಾಯಿತು. ಹದವಾದ ತೊಗಲಿನ ಮೇಲೆ ಗೆರೆ ಎಳೆದು, ಸಣ್ಣ ಉಳಿಗಳಿಂದ ತೂತುಗಳನ್ನು ಕೊರೆದು, ಎರಡು ಮಗ್ಗುಲಿಗೂ ಬಣ್ಣ ಹಚ್ಚುತ್ತಾರೆ. ಹಿಂದೆ ದೀಪದ ಕಾಡಿಗೆಯಿಂದ ಕಪ್ಪು, ಗಿಡಮರಗಳಿಂದ ಮಿಕ್ಕ ಬಣ್ಣ. ಈಗ ಅಂಗಡಿಯ ಬಣ್ಣ. ನಡುವೆ ಸೀಳುಬಿದಿರನ್ನು ಕಟ್ಟಿ, ಕೈಕಾಲುಗಳ ಕೀಲನ್ನು ದಾರದಿಂದ ಬಿಗಿದರೆ ಗೊಂಬೆ ಸಿದ್ಧ.

ಹಳೆಯ ಸೀತೆಯ ಗೊಂಬೆಯೊಂದನ್ನು ಹಗಲಿನಲ್ಲಿ ಕೈಯಲ್ಲಿ ಹಿಡಿದು ನೋಡಿದರೆ ಕಾಣುವುದು ಹೊಗೆ ಹಿಡಿದ, ಅಂಚು ಮುರುಟಿದ ಒಂದು ತೊಗಲು. ಕೊರಳಲ್ಲಿ ಸಾಲುಸಾಲಾಗಿ ತೂತು, ಸೆರಗಿನ ತುಂಬ ತೂತು. ಅದನ್ನೇ ದೀಪದ ಮುಂದೆ ಹಿಡಿದಾಗ ಆ ತೂತುಗಳೆಲ್ಲ ಮುತ್ತಿನ ಸರವಾಗಿ, ಜರಿಯ ಬುಟ್ಟಾ ಆಗಿ ಹೊಳೆಯತೊಡಗುತ್ತವೆ. ಅರ್ಥಾತ್, ಈ ಚಿತ್ರಕಾರನು ಆಭರಣವನ್ನು ಬರೆಯುವುದಿಲ್ಲ. ಅದಿರಬೇಕಾದೆಡೆಯಲ್ಲಿ ತೊಗಲನ್ನು ತೆಗೆದು, ದೀಪಕ್ಕೆ ದಾರಿಬಿಟ್ಟು ಸುಮ್ಮನಾಗುತ್ತಾನೆ. ಲೇಪಾಕ್ಷಿಯ ವೀರಭದ್ರ ದೇವಾಲಯದ ಒಳಮಾಳಿಗೆಯ ಮೇಲೆ 16ನೆಯ ಶತಮಾನದ ವಿಜಯನಗರದ ವರ್ಣಚಿತ್ರಗಳನ್ನು ತಲೆಯೆತ್ತಿ ನೋಡಿದವರು, ಅಲ್ಲಿಯ ಸ್ತ್ರೀಯರ ಸೀರೆಯ ಪಟ್ಟೆ, ಚೌಕಳಿ, ಹೂಬಳ್ಳಿಗಳಿಗೂ ಈ ಗೊಂಬೆಗಳ ಉಡುಗೆಗೂ ಇರುವ ನೆಂಟಸ್ತನವನ್ನು ಗುರುತಿಸದಿರಲಾರರು. ಸೀರೆಯ ಅಂಚಿನ ಮೇಲೆ ಬದುಕು ಕಟ್ಟಿಕೊಂಡ ಹೊಸಕೋಟೆಯವರಿಗಾದರೂ ಆ ನೆಂಟಸ್ತನವು ಬೇಗ ಕಣ್ಣಿಗೆ ಬೀಳಬೇಕು.

ಆಟವು ಕಾಲಕ್ಷೇಪವೆಂದು ತಿಳಿದರೆ ತಪ್ಪಾದೀತು. ಮಳೆ ಕೈಕೊಟ್ಟಿತೆಂದರೆ ಊರ ಹಿರಿಯರು ಕೂಡಿ ಗೊಂಬೆಯವರಿಗೆ ವೀಳ್ಯ ಕೊಟ್ಟು ವಿರಾಟಪರ್ವವನ್ನು ಆಡಿಸುತ್ತಿದ್ದರು; ದನಕರುಗಳಿಗೆ ಜಾಡ್ಯ ತಗುಲಿದಾಗಲೂ ಅವರೇ ಬರಬೇಕಾಗಿತ್ತು. ಮುಗಿಲು ಮುನಿಸಿಕೊಳ್ಳುವುದೇ ವಾಡಿಕೆಯಾದ ಪಾವಗಡದಂಥ ಸೀಮೆಯಲ್ಲಿ ಇಂಥವರ ಅಗತ್ಯ ಎಷ್ಟಿದ್ದಿರಬೇಕೆಂಬುದನ್ನು ಹೇಳಬೇಕಾದುದಿಲ್ಲ. (ಅದೇ ಬರಡು ಮುಗಿಲಿನ ಬಿಸಿಲನ್ನು ಹಿಡಿದು ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಇಂದು 2,050 ಮೆಗಾವ್ಯಾಟ್ ವಿದ್ಯುತ್ತನ್ನು ಮಾಡುತ್ತಿದ್ದಾರೆ, ಹೊಂಗೆಯೆಣ್ಣೆಯ ದೀಪಕ್ಕೆ ಊರ ಮುಂದೆ ಕೈಯೊಡ್ಡುತ್ತಿದ್ದ ಗೊಂಬೆಯ ತಾತ ಇದನ್ನು ಕಂಡಿದ್ದರೆ ಕ್ಯಾತನ ಬಾಯಲ್ಲಿ ಏನು ಆಡಿಸುತ್ತಿದ್ದನೋ!) ಕಂಬಗಳ ನಡುವೆ ಬಿಳಿಯ ಪಂಚೆಯ ಪರದೆ, ಕೆಳಗೆ ಕಂಬಳಿಯ ಮರೆ, ಒಳಗೆ ಮದ್ದಳೆ, ತಾಳ, ಕಾಲಗೆಜ್ಜೆ, ಮುಂದಿನ ಕಾಲದಲ್ಲಿ ಹಾರ್ಮೋನಿಯಂ. ಮೊದಲು ಗಣಪತಿ, ಸರಸ್ವತಿ, ಆಮೇಲೆ ಕ್ಯಾತ, ಆಮೇಲೆ ಕಥೆ, ಮೂಡಲು ಕೆಂಪೇರುವವರೆಗೆ ನಿಲುಗಡೆಯಿಲ್ಲ. ಬಯಲಾಟಗಳಲ್ಲಿ ಹೆಂಗಸರ ವೇಷವನ್ನೂ ಗಂಡಸರೇ ಕಟ್ಟುತ್ತಿದ್ದ ಕಾಲದಲ್ಲಿ, ಈ ಪರದೆಯ ಹಿಂದೆ ದ್ರೌಪದಿಗೂ ಸೀತೆಗೂ ಮನೆಯ ಹೆಂಗಸರೇ ಕಂಠವಾಗಿದ್ದರೆಂಬುದನ್ನು ನಮ್ಮ ರಂಗಭೂಮಿಯ ಚರಿತ್ರೆಯನ್ನು ಬರೆಯುವವರು ಇನ್ನಷ್ಟು ಒತ್ತಿ ಹೇಳಬೇಕು.

ಆಟ ಮುಗಿದ ಮೇಲೆ ಪೆಟ್ಟಿಗೆಯಲ್ಲಿ ರಾಮನನ್ನೂ ರಾವಣನನ್ನೂ ಒಂದರ ಮೇಲೊಂದು ಮಲಗಿಸಬಾರದು. ಸವೆದು ಹೋದ ಗೊಂಬೆಯನ್ನು ತಿಪ್ಪೆಗೆ ಎಸೆಯಬಾರದು; ಪೂಜೆ ಮಾಡಿ ಹರಿಯುವ ನೀರಿಗೆ ಬಿಡಬೇಕು. ಹೀಗಾಗಿಯೇ ಬಹಳ ಹಳೆಯ ಗೊಂಬೆಗಳು ನಮಗೆ ಉಳಿದಿರುವುದು ವಿರಳ. ಉಳಿದುವುಗಳಲ್ಲಿ ಅನೇಕವನ್ನು ಊರೂರು ಅಲೆದು ಕೂಡಿಹಾಕಿ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಕಾಪಾಡಿದ ಕೀರ್ತಿಯು ಎಂ.ಎಸ್. ನಂಜುಂಡರಾಯರದು.

ಅಳಿಯಬೇಕಾದುದು ಹೀಗೆ ಉಳಿಯತೊಡಗುವ ತಿರುವನ್ನು ದೂರದ ಆಸ್ಟ್ರೇಲಿಯದ ಮೂಲನಿವಾಸಿಗಳ ವಿಷಯದಲ್ಲಿಯೂ ಕಾಣುತ್ತೇವೆ. ಅಲ್ಲಿಯ ಮರುಭೂಮಿಯ ಜನರು ಪೂರ್ವಿಕರ ಸಂಚಾರದ ಕಥೆಗಳನ್ನು ಮರಳಿನ ಮೇಲೆಯೂ ಮೈಯ ಮೇಲೆಯೂ ಬರೆದು, ಕರ್ಮ ಮುಗಿದೊಡನೆ ಅಳಿಸಿಬಿಡುತ್ತಿದ್ದರು; 1971ರಲ್ಲಿ ಪಾಪುನ್ಯ ಎಂಬೆಡೆಯಲ್ಲಿ ಜೆಫ್ರಿ ಬಾರ್ಡನ್ ಎಂಬ ಉಪಾಧ್ಯಾಯನ ಉತ್ತೇಜನದಿಂದ ಹಿರಿಯರು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಕಥೆಯನ್ನು ಬರೆದರು; ಮರುವರ್ಷವೇ ಕಲಾವಿದರದೇ ಒಂದು ಕಂಪೆನಿಯಾಗಿ, ಅಳಿಯತಕ್ಕ ಚಿತ್ರವು ಮಾರತಕ್ಕ ಚಿತ್ರವಾಯಿತು. ಯಾವ ಕಥೆಯನ್ನು ಯಾರು ಬರೆಯಬಹುದೆಂಬ ಹಕ್ಕಿನ ಕಟ್ಟಳೆಯನ್ನು ಮಾತ್ರ ಅವರು ಬಿಡಲಿಲ್ಲ. ಹೊರಗಿನವರು ನೋಡಬಾರದ ಗುರುತುಗಳನ್ನು ಚುಕ್ಕಿಗಳ ಕೆಳಗೆ ಮರೆಸಿದರೆಂದೂ ಹೇಳುತ್ತಾರೆ.

ನಮ್ಮ ಗಡಿಯಾಚೆಯ ಧರ್ಮಾವರದ ಬಳಿಯ ನಿಮ್ಮಲಕುಂಟೆಯಲ್ಲಿ ಚುಕ್ಕಿಗೆ ಬದಲು ದೀಪದ ಬುರುಡೆ. ಅಲೆದಾಟವನ್ನು ಬಿಟ್ಟು ನೆಲೆನಿಂತ ಗೊಂಬೆಯವರ ಊರದು. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಸಿನೆಮಾ, ದೂರದರ್ಶನಗಳ ಮುಂದೆ ರಾತ್ರಿಯಾಟವು ಸೋತ ಮೇಲೆ ಅದೇ ತೊಗಲು, ಅದೇ ಉಳಿಗಳಿಂದ ದೀಪದ ಮುಸುಕುಗಳನ್ನೂ ಗೋಡೆಯ ಚಿತ್ರಗಳನ್ನೂ ಮಾಡಿ ಪಟ್ಟಣಗಳಿಗೆ ಕಳಿಸುತ್ತಾರೆ. ಇದನ್ನು ಅಧಃಪತನವೆಂದು ಮೂಗು ಮುರಿಯುವ ರಸಿಕರುಂಟು. ಹೊಟ್ಟೆ ತುಂಬಿದವರ ಆ ಮಾತಿಗೆ ನಾನು ಬೆಲೆ ಕೊಡಲಾರೆ. ಆದರೆ ವಿದ್ಯುದ್ದೀಪದ ಸುತ್ತ ಅಲುಗಾಡದೆ ನಿಂತ ಹನುಮಂತನಿಗೆ ಬಾಯಿಲ್ಲ, ಹಾಡಿಲ್ಲ, ಎದುರಾಳಿಯಿಲ್ಲ. ಮಾರಾಟಕ್ಕೆ ಹೋಗುವುದು ಅರ್ಧ ಕಲೆ ಮಾತ್ರ, ಮಿಕ್ಕರ್ಧವು ಮುದುಕರ ಗಂಟಲಲ್ಲಿಯೇ ಉಳಿದು ಅವರೊಡನೆ ಹೋಗುತ್ತದೆ.

ಸರ್ಕಾರಗಳು ಈ ಒಂದೇ ಕಲೆಯನ್ನು ಎರಡು ಕಡತಗಳಲ್ಲಿ ಇರಿಸಿವೆ. 2008ರಲ್ಲಿ ಭೌಗೋಳಿಕ ಗುರುತು ದೊರೆತದ್ದು ‘ಆಂಧ್ರಪ್ರದೇಶದ ತೊಗಲು ಗೊಂಬೆ’ಗೆ, 2020ರಲ್ಲಿ ನಿಮ್ಮಲಕುಂಟೆಯ ದಳವಾಯಿ ಚಲಪತಿರಾಯರಿಗೆ ಪದ್ಮಶ್ರೀ. 2025ರಲ್ಲಿ ಅದೇ ಪ್ರಶಸ್ತಿ ಕೊಪ್ಪಳ ಜಿಲ್ಲೆಯ ಮೋರನಾಳದ ವೃದ್ಧೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ. ಪರದೆಯ ಮೇಲಿನ ಆ ಡೊಳ್ಳು ಹೊಟ್ಟೆಯವನ ಹೆಸರು ಹೀಗೆ ದೇಶದ ಗೌರವಪತ್ರದಲ್ಲಿ ಬರೆಯಲ್ಪಟ್ಟಿತು.

ಹೊಸಕೋಟೆಯ ಮಹಾಜನರಲ್ಲಿ ನನ್ನದೊಂದು ಬಿನ್ನಹವುಂಟು. ಗಡಿಯಾಚೆಗೆ ಬಸ್ಸು ಹೋಗುತ್ತದೆ. ಮುಂದಿನ ಜಾತ್ರೆಗೆ ಗೊಂಬೆಯವರ ಒಂದು ಮೇಳವನ್ನು ವೀಳ್ಯ ಕೊಟ್ಟು ಕರೆಯಿಸಿರಿ. ತೆಲುಗಾದರೂ ಆಗಲಿ, ಕನ್ನಡವಾದರೂ ಆಗಲಿ. ಗಂಟೆಯೊಳಗೆ ಮುಗಿಸಿರೆಂದು ಅವಸರಪಡಿಸದೆ ಬೆಳಗಾಗುವವರೆಗೆ ಆಡಲು ಬಿಡಿರಿ. ಸಂಭಾವನೆಯನ್ನು ಮಾತ್ರ ಆಟಕ್ಕೆ ಮೊದಲೇ ಕೈಯಲ್ಲಿ ಇಡಿರಿ.