ಅಡವಿಟ್ಟ ಷೇರು, ಒಂದು ಕಾಲಂ ಹುಟ್ಟಿದ ಕಥೆ

ಷೇರು ಕೊಳ್ಳೋ ಮೊದಲು ನಾವೆಲ್ಲ ಏನೇನೋ ಫಿಲ್ಟರ್ ಹಾಕ್ತೀವಿ. ಪಿಇ ಎಷ್ಟು, ಸಾಲ ಎಷ್ಟು, ಲಾಭ ಬೆಳೀತಾ ಇದೆಯಾ ಅಂತ. ಸ್ಕ್ರೀನರ್‌ನ ಮೂಲೆಯಲ್ಲಿ ಇನ್ನೊಂದು ಕಾಲಂ ಇರುತ್ತೆ, ಪ್ರಮೋಟರ್ ಪ್ಲೆಡ್ಜ್. ಕಂಪನಿ ಕಟ್ಟಿದವರು ತಮ್ಮ ಷೇರುಗಳಲ್ಲಿ ಎಷ್ಟನ್ನು ಅಡವಿಟ್ಟು ಸಾಲ ತಂದಿದ್ದಾರೆ ಅನ್ನೋ ಲೆಕ್ಕ ಅದು. 2009ರ ಜನವರಿಗೆ ಮುಂಚೆ ಈ ಲೆಕ್ಕವನ್ನು ಹೊರಗೆ ಹೇಳಲೇಬೇಕು ಅನ್ನೋ ನಿಯಮವೇ ನಮ್ಮಲ್ಲಿ ಇರಲಿಲ್ಲ.

ಹಳ್ಳಿ ಕಡೆಯವರಿಗೆ ಅಡವು ಹೊಸದಲ್ಲ. ಬಿತ್ತನೆ ಹೊತ್ತಿಗೆ ಅವ್ವನ ಸರ ಸೊಸೈಟಿಗೆ ಹೋಗುತ್ತೆ, ಫಸಲು ಬಂದ ಮೇಲೆ ವಾಪಸ್ ಬರುತ್ತೆ (ಮಳೆ ಆದರೆ). ಆದರೆ ನಮ್ಮ ಮನೆ ಸರ ಅಡವಿಗೆ ಹೋಯ್ತು ಅಂತ ಊರಿಗೆಲ್ಲ ಗೊತ್ತಾದರೂ ಚಿನ್ನದ ರೇಟು ಇಳಿಯಲ್ಲ. ಷೇರಿನ ಕಥೆ ಬೇರೆ. ನೂರು ಕೋಟಿಯ ಷೇರು ಇಟ್ಟು ಐವತ್ತು ಕೋಟಿ ತಂದಿದ್ದಾರೆ ಅಂದ್ಕೊಳ್ಳಿ. ಬೆಲೆ ಬಿದ್ದರೆ ಸಾಲ ಕೊಟ್ಟವನು, ಇನ್ನಷ್ಟು ಷೇರು ಇಡು, ಇಲ್ಲ ದುಡ್ಡು ಕಟ್ಟು ಅಂತಾನೆ. ಎರಡೂ ಆಗದಿದ್ದರೆ ಅಡವಿನ ಷೇರನ್ನು ಪೇಟೆಯಲ್ಲೇ ಮಾರ್ತಾನೆ. ಅವನು ಮಾರಿದ್ದಕ್ಕೆ ಬೆಲೆ ಇನ್ನಷ್ಟು ಬೀಳುತ್ತೆ. ಅದನ್ನು ನೋಡಿ ಸಾಲ ಕೊಟ್ಟ ಇನ್ನೊಬ್ಬನೂ ಮಾರ್ತಾನೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ನಿಲ್ಲೋ ಕಂಡೀಷನ್ ಬರೆಯದೆ ಬಿಟ್ಟ ಲೂಪ್.

ಈ ಲೂಪ್ ದೇಶಕ್ಕೆಲ್ಲ ಕಂಡಿದ್ದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನಲ್ಲಿ. 2001ರಲ್ಲಿ ರಾಮಲಿಂಗ ರಾಜು ಕುಟುಂಬದ ಪಾಲು ಕಂಪನಿಯ ಕಾಲು ಭಾಗದಷ್ಟಿತ್ತು, 2008ರ ಮಾರ್ಚ್ ಹೊತ್ತಿಗೆ 9%ಗಿಂತ ಕೆಳಗೆ ಬಂದಿತ್ತು. ಉಳಿದಿದ್ದ ಆ ಪಾಲೂ ಅಡವಿನಲ್ಲಿತ್ತು, ಹೊರಗಿನವರಿಗೆ ಅದು ಗೊತ್ತಿರಲಿಲ್ಲ. 2008ರ ಡಿಸೆಂಬರ್ 16ರಂದು ಸತ್ಯಂ ತನ್ನ ಹಣದಲ್ಲಿ ಅದೇ ಕುಟುಂಬದ ಎರಡು ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರ್‌ಗೆ ಕೊಳ್ಳೋದಾಗಿ ಘೋಷಿಸಿತು. (ಸತ್ಯಂ ಅನ್ನೋದನ್ನ ಇಂಗ್ಲಿಷಿನಲ್ಲಿ ಬರೆದು ಹಿಂದಿನಿಂದ ಓದಿ, ಮೇಟಾಸ್ ಸಿಗುತ್ತೆ. ನಾಟಕದಲ್ಲಿ ಬರೆದಿದ್ರೆ ಅತಿಯಾಯ್ತು ಅಂತಿದ್ವಿ.) ಹೂಡಿಕೆದಾರರು ತಿರುಗಿಬಿದ್ದರು, ಕೆಲವೇ ಗಂಟೆಗಳಲ್ಲಿ ಕಂಪನಿ ಹಿಂದೆ ಸರಿಯಿತು. ಅಷ್ಟರಲ್ಲಿ ನ್ಯೂಯಾರ್ಕ್‌ನಲ್ಲಿ ಬೆಲೆ ಅರ್ಧಕ್ಕಿಂತ ಹೆಚ್ಚು ಬಿದ್ದಿತ್ತು. ಪ್ರಮೋಟರ್‌ಗಳ ಷೇರು ಅಡವಿನಲ್ಲಿದೆ ಅನ್ನೋ ಸುದ್ದಿ ಡಿಸೆಂಬರ್ ಕೊನೆಗೆ ಹೊರಬಿತ್ತು, ಸಾಲ ಕೊಟ್ಟವರು ಮಾರತೊಡಗಿದರು. ಜನವರಿ 7ರಂದು ರಾಜು ಅವರ ತಪ್ಪೊಪ್ಪಿಗೆಯ ಪತ್ರ ಬಂತು. ಲೆಕ್ಕದಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ, ಪ್ರಮೋಟರ್‌ಗಳ ಷೇರನ್ನೆಲ್ಲ ಅಡವಿಟ್ಟು ಕಂಪನಿ ನಡೆಸಲು ಹಣ ತಂದೆವು ಅಂತ ಅದರಲ್ಲೇ ಇತ್ತು. ಅವತ್ತು ಒಂದೇ ದಿನ ಷೇರು 179 ರೂಪಾಯಿಂದ 40ಕ್ಕೆ ಇಳಿಯಿತು.

ಆ ಜನವರಿ ಮುಗಿಯೋದರೊಳಗೆ ಸೆಬಿ ನಿಯಮ ತಂದಿತು, ಅಡವಿಟ್ಟರೆ ಹೇಳಲೇಬೇಕು. ಆ ಕಾಲಂ ಹುಟ್ಟಿದ್ದು ಹೀಗೆ.

ಈಗ ನೀವು ಹಾಕೋ ಫಿಲ್ಟರ್ ನೋಡಿ. ‘ಅಡವು ಕಂಪನಿಯ ಒಟ್ಟು ಷೇರಿನ 10%ಗಿಂತ ಕಡಿಮೆ ಇರಲಿ’ ಅಂತ ಬರೆದರೆ, ಎಲ್ಲ ಮಾಹಿತಿ ಕೈಲಿದ್ದರೂ 2008ರ ಸತ್ಯಂ ಆರಾಮಾಗಿ ಪಾಸಾಗುತ್ತೆ. ಪ್ರಮೋಟರ್ ಕೈಯಲ್ಲಿದ್ದ ಪಾಲಿನ ಲೆಕ್ಕದಲ್ಲಿ ಅದು 100%. ಎರಡೂ ಶೇಕಡಾ ಬೇಕು, ಮತ್ತು ಪ್ರಮೋಟರ್‌ನ ಒಟ್ಟು ಪಾಲು ವರ್ಷದಿಂದ ವರ್ಷಕ್ಕೆ ಕರಗ್ತಾ ಇದೆಯಾ ಅಂತಲೂ ನೋಡಬೇಕು.

ಕಾಲಂ ಬಂದ ಹತ್ತು ವರ್ಷಕ್ಕೆ, 2019ರ ಜನವರಿ 25ರಂದು, ಜೀ ಎಂಟರ್‌ಟೇನ್‌ಮೆಂಟ್ ಷೇರು ಒಂದೇ ದಿನ 26% ಬಿತ್ತು. ಟಿವಿ ಚಾನೆಲ್ ಚೆನ್ನಾಗೇ ಓಡ್ತಿತ್ತು. ಅದರ ಷೇರಿನ ಆಧಾರದ ಮೇಲೆ ಎಸೆಲ್ ಗುಂಪು ಬೇರೆ ವ್ಯವಹಾರಗಳಿಗೆ ಸಾಲ ಎತ್ತಿತ್ತು. ಸಾಲ ಕೊಟ್ಟವರಲ್ಲಿ ಮ್ಯೂಚುವಲ್ ಫಂಡ್‌ಗಳೂ ಇದ್ದವು. ಜೀ ಷೇರು ಮುಟ್ಟದ, ಎಫ್‌ಡಿ ಥರ ಸೇಫು ಅಂತ ಎಫ್‌ಎಂಪಿಯಲ್ಲಿ ದುಡ್ಡಿಟ್ಟವರಿಗೂ ಆ ಏಪ್ರಿಲ್‌ನಲ್ಲಿ ಹಣ ಪೂರ್ತಿ ಕೈಸೇರಲಿಲ್ಲ, ಒಂದಷ್ಟು ತಡವಾಯಿತು. ನಾನು ಷೇರು ಆಡಲ್ಲಪ್ಪ, ನನಗ್ಯಾಕೆ ಈ ಕಾಲಂ ಅನ್ನೋ ಗೆಳೆಯರಿಗೆ ನಾನು ಹೇಳೋದು ಈ ಕಥೆಯನ್ನೇ.

ಅದೇ ವರ್ಷದ ಜುಲೈ ಕೊನೆಯಲ್ಲಿ ನಮ್ಮ ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ನೇತ್ರಾವತಿ ಸೇತುವೆಯಿಂದ ಕಾಣೆಯಾದರು. ಅದರ ಬಗ್ಗೆ ಜಾಸ್ತಿ ಬರೆಯೋಕೆ ಮನಸ್ಸಾಗಲ್ಲ. ಆದರೆ ಕಾಫಿ ಡೇಯಲ್ಲಿ ಪ್ರಮೋಟರ್‌ಗಳ ಪಾಲಿನ ಸುಮಾರು ಮುಕ್ಕಾಲು ಭಾಗ ಅಡವಿನಲ್ಲಿದ್ದದ್ದು ಗುಟ್ಟೇನಾಗಿರಲಿಲ್ಲ. ಮೈಂಡ್‌ಟ್ರೀ ಪಾಲನ್ನು ಎಲ್&ಟಿಗೆ 3,200 ಕೋಟಿಗೂ ಹೆಚ್ಚಿನ ಬೆಲೆಗೆ ಮಾರಲು ಅದೇ ಮಾರ್ಚ್‌ನಲ್ಲಿ ಒಪ್ಪಂದ ಆಗಿದ್ದ ಮೇಲೂ ಪರಿಸ್ಥಿತಿ ಹಾಗಿತ್ತು. ಕಾಲಂನಲ್ಲಿ ಸಂಖ್ಯೆ ಇತ್ತು, ಯಾಕೆ ಅನ್ನೋದು ಇರಲಿಲ್ಲ.

ಆ ಜೂನ್‌ನಲ್ಲೇ ಸೆಬಿ ನಿಯಮ ಬಿಗಿ ಮಾಡಲು ತೀರ್ಮಾನಿಸಿತ್ತು, ಅಕ್ಟೋಬರ್ 1ರಿಂದ ಜಾರಿಯಾಯಿತು. ಅಡವು ಪ್ರಮೋಟರ್ ಪಾಲಿನ 50% ಅಥವಾ ಕಂಪನಿಯ ಒಟ್ಟು ಷೇರಿನ 20% ಮುಟ್ಟಿದರೆ ಕಾರಣವನ್ನೂ ಬರೆದು ಕೊಡಬೇಕು. ಪ್ಲೆಡ್ಜ್ ಅಂತ ಹೆಸರಿಡದೆ ಬೇರೆ ಕರಾರಿನ ಮೂಲಕ ಷೇರನ್ನು ಕಟ್ಟಿಹಾಕಿದರೂ ಅದು ಲೆಕ್ಕಕ್ಕೆ ಸೇರುತ್ತೆ.

ಅಡವು ಅಂದ ಕೂಡಲೇ ಓಡಿಹೋಗಬೇಕು ಅಂತಲ್ಲ. ಅದೇ ಕಂಪನಿಯ ಪ್ರಾಜೆಕ್ಟ್ ಸಾಲಕ್ಕೆ ಪ್ರಮೋಟರ್ ಷೇರನ್ನೂ ಇಡಿ ಅಂತ ಬ್ಯಾಂಕೇ ಕೇಳೋದುಂಟು. ಮನೆಯ ಬೇರೆ ವ್ಯವಹಾರಕ್ಕೆ ತಂದ ಸಾಲ ಬೇರೆ ಜಾತಿ. ನಾನು ಬರೆದುಕೊಂಡಿರೋ ಸಣ್ಣ ಸ್ಕ್ರಿಪ್ಟ್ ಎಂಟು ಕ್ವಾರ್ಟರ್‌ನ ಎರಡೂ ಶೇಕಡಾ ಎಳೆದು ತರುತ್ತೆ. ಏರ್ತಾ ಇರೋದನ್ನ ಮೇಲೆ ತೋರಿಸುತ್ತೆ. ಕಾರಣದ ಪತ್ರಗಳನ್ನು ಮಾತ್ರ ಒಂದೊಂದಾಗಿ ತೆಗೆದು ನಾನೇ ಓದ್ತೀನಿ.