ಸೀಳುಕಣಿವೆಯಲ್ಲಿ ಒಂದು ರಾತ್ರಿ: ಒಂದು ಸಿದ್ಧತೆಯ ಚರಿತ್ರೆ

ಅಮೆರಿಕದ ಯೂಟಾ ಮತ್ತು ಅರಿಜೋನಾ ರಾಜ್ಯಗಳ ಗಡಿಯಲ್ಲಿ ಬಕ್‌ಸ್ಕಿನ್ ಗಲ್ಚ್ ಎಂಬ ಕಣಿವೆಯಿದೆ. ಕಣಿವೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಹಸಿರು ತಗ್ಗಲ್ಲ ಅದು. ಕೆಂಪು ಮರಳುಗಲ್ಲಿನ ಪ್ರಸ್ಥಭೂಮಿಯನ್ನು ಯಾರೋ ಗರಗಸ ಹಿಡಿದು ಕೊಯ್ದಂತಿರುವ ಒಂದು ಸೀಳು. ಎಷ್ಟೋ ಕಡೆ ಕೈ ಚಾಚಿದರೆ ಎರಡೂ ಗೋಡೆಗಳು ತಾಗುತ್ತವೆ. ಗೋಡೆಗಳೋ ನೂರು ಮೀಟರಿಗೂ ಮೇಲಕ್ಕೆ ಏಳುತ್ತವೆ. ಇಂಥವಕ್ಕೆ ಸ್ಲಾಟ್ ಕ್ಯಾನಿಯನ್ ಎಂದು ಹೆಸರು. ನಾವು ಸೀಳುಕಣಿವೆ ಎನ್ನೋಣ. ಸುಮಾರು 20 ಕಿ.ಮೀ. ಹೀಗೆಯೇ ಸಾಗಿ ಪರಿಯಾ ನದಿಯನ್ನು ಸೇರುವ ಬಕ್‌ಸ್ಕಿನ್, ಜಗತ್ತಿನ ಅತಿ ಉದ್ದದ ಸೀಳುಕಣಿವೆಗಳಲ್ಲಿ ಒಂದು.

ಬೇಸಿಗೆಯಲ್ಲಿ ಇಲ್ಲೊಂದು ರಾತ್ರಿ ಕಳೆಯಬೇಕೆನ್ನುವವರು ಮೊದಲು ಕೂತು ಲೆಕ್ಕ ಬರೆಯಬೇಕು. ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್ ನೀರು. ಎರಡು ದಿನಕ್ಕೆ 8 ಲೀಟರ್, ಅಂದರೆ ಬೆನ್ನ ಮೇಲೆ 8 ಕಿಲೋ. ಪರಿಯಾ ನದಿಯ ನೀರು ಹೂಳಿನಿಂದ ಎಷ್ಟು ದಪ್ಪವೆಂದರೆ ಸೋಸುವ ಯಂತ್ರವೇ ಕಟ್ಟಿಕೊಳ್ಳುತ್ತದೆ. ಹೊರಗೆ 40 ಡಿಗ್ರಿ ಹತ್ತಿರದ ಬಿಸಿಲಿದ್ದರೂ ಒಳಗೆ ಸೂರ್ಯನನ್ನೇ ಕಾಣದ ಮಡುಗಳಿವೆ. ಕೆಲವೊಮ್ಮೆ ಸೊಂಟದವರೆಗೆ ಕೊರೆಯುವ ನೀರಲ್ಲಿ ನಡೆಯಬೇಕು. ಹಾಗಾಗಿ ಸುಡುಬೇಸಿಗೆಯಲ್ಲೂ ಬೆಚ್ಚನೆಯ ಬಟ್ಟೆ ಬೇಕು. ಮಲಗಲು ಜಾಗ ಎಲ್ಲೆಂದರಲ್ಲಿ ಇಲ್ಲ: ನದಿ ಸೇರುವ ಕಡೆ, ಪ್ರವಾಹದ ಮಟ್ಟಕ್ಕಿಂತ ಎತ್ತರದಲ್ಲಿರುವ ಮರಳಿನ ದಿಬ್ಬವೇ ಗತಿ. ಅಲ್ಲಿಗೆ ಕತ್ತಲಾಗುವುದರೊಳಗೆ ತಲುಪಬೇಕು. ನಡುವೆ ಮೇಲೆ ಹತ್ತಿ ಪಾರಾಗಲು ಇರುವುದು ಒಂದೇ ಜಾಗ, ಅದೂ ಬಂಡೆ ಏರಬಲ್ಲವರಿಗೆ. ರಾತ್ರಿ ತಂಗಲು ಪರವಾನಗಿ ಬೇಕು. ದಿನಕ್ಕೆ 20 ಜನರಿಗೆ ಮಾತ್ರ.

ಇದನ್ನು ಪ್ರವಾಸಿಗಳಿಗೆ ಕೊಟ್ಟ ಸಲಹೆ ಎಂದು ಓದಬಹುದು. ಚರಿತ್ರೆಯ ವಿದ್ಯಾರ್ಥಿಯಾದ ನನಗೆ ಅದು ಒಂದು ದಾಖಲೆಯಂತೆ ಕಾಣುತ್ತದೆ. ಇದರ ಒಂದೊಂದು ಸಾಲಿನ ಹಿಂದೆಯೂ ಯಾರದೋ ಹಸಿವು, ಯಾರದೋ ಸಾವು ಇದೆ.

ಈ ಸೀಮೆಯ ಬಗ್ಗೆ ಬರವಣಿಗೆಯಲ್ಲಿ ಉಳಿದಿರುವ ಮೊದಲ ಸಾಕ್ಷ್ಯಗಳಲ್ಲಿ ಒಂದು 1776ರದು. ಡೊಮಿಂಗೆಸ್ ಮತ್ತು ಎಸ್ಕಲಾಂಟೆ ಎಂಬ ಇಬ್ಬರು ಸ್ಪ್ಯಾನಿಷ್ ಪಾದ್ರಿಗಳು ಆ ವರ್ಷ ಜುಲೈ 29ರಂದು ಸಾಂತಾ ಫೆಯಿಂದ ಹೊರಟರು. ಕ್ಯಾಲಿಫೋರ್ನಿಯಾದ ಮಾಂಟೆರೆಗೆ ದಾರಿ ಹುಡುಕುವುದು ಉದ್ದೇಶ. ಜೊತೆಗೆ ನಕ್ಷೆ ಬರೆಯುವವನೂ ಇದ್ದ. ಆದರೆ ಅಕ್ಟೋಬರಿನಲ್ಲಿ ಹಿಮ ಬಿತ್ತು, ಆಹಾರ ತೀರುತ್ತ ಬಂತು. ಮುಂದುವರಿಯುವುದೋ ಹಿಂದಿರುಗುವುದೋ ಎಂದು ಚೀಟಿ ಎತ್ತಿ ಹಿಂದಿರುಗಲು ನಿರ್ಧರಿಸಿದರು. ಅಕ್ಟೋಬರ್ 26ರಂದು ಅವರು ಬಂದು ಸಿಕ್ಕಿಕೊಂಡದ್ದು ಪರಿಯಾ ನದಿ ಕೊಲರಾಡೋವನ್ನು ಸೇರುವಲ್ಲಿ. ಎದುರಿಗೆ ದೊಡ್ಡ ಹೊಳೆ, ಹಿಂದೆ ಕಡಿದಾದ ಗೋಡೆ. ಈಜಿ ದಾಟಲು ಹೋದವರು ತಲೆಯ ಮೇಲೆ ಹೊತ್ತ ಬಟ್ಟೆಯನ್ನೂ ಕಳೆದುಕೊಂಡು ಬರಿಮೈಯಲ್ಲಿ ವಾಪಸಾದರು. ಕುದುರೆ ಕೊಂದು ತಿನ್ನಬೇಕಾಯಿತು. ಆ ತಾಣಕ್ಕೆ ಅವರಿಟ್ಟ ಹೆಸರಿನಲ್ಲಿ ‘ಸಾಲ್ಸಿಪುಯೆದೆಸ್’ ಎಂಬ ಮಾತಿದೆ. ‘ಆದರೆ ಹೊರಗೆ ಹೋಗು, ನೋಡೋಣ’ ಎಂದರ್ಥ. ಪಾದ್ರಿಗಳಿಗೂ ಹಾಸ್ಯಪ್ರಜ್ಞೆ ಇತ್ತು! ಕೊನೆಗೆ ನವೆಂಬರ್ 7ರಂದು, ಇನ್ನೂ ಮೇಲಿನ ಒಂದು ಕಡೆ ಕುದುರೆಗಳನ್ನು ಇಳಿಸಲು ಬಂಡೆಯಲ್ಲಿ ಮೆಟ್ಟಿಲು ಕಡಿದು, ಹೊಳೆ ದಾಟಿದರು. ಆ ಕಡವು ಸ್ಥಳೀಯರಿಗೆ ಮೊದಲೇ ಗೊತ್ತಿತ್ತು. ಇವರಿಗೆ ಅದನ್ನು ಹುಡುಕಲು ಹತ್ತಾರು ದಿನ ಹಿಡಿಯಿತು.

1869ರಲ್ಲಿ ಜಾನ್ ವೆಸ್ಲಿ ಪವೆಲ್ ನಾಲ್ಕು ದೋಣಿ, ಹತ್ತು ಜನ, ಹತ್ತು ತಿಂಗಳ ದಿನಸಿಯೊಂದಿಗೆ ಹೊಳೆಯ ಮೇಲೇ ಬಂದ. ಕಾಗದದ ಮೇಲೆ ಅದು ಒಳ್ಳೆಯ ಯೋಜನೆ. ಎರಡೇ ವಾರಗಳಲ್ಲಿ ಒಂದು ದೋಣಿ ಒಡೆದು ಸಾಕಷ್ಟು ದಿನಸಿ ಹೋಯಿತು. ಉಳಿದ ಹಿಟ್ಟು ನೆನೆದು ಮುಗ್ಗಲಾಯಿತು. ಆಗಸ್ಟ್ 28ರಂದು ಮೂವರು ಇನ್ನು ಸಾಕೆಂದು ಗೋಡೆ ಹತ್ತಿ ಹೊರಟುಹೋದರು. ಅವರು ಮತ್ತೆ ಕಾಣಿಸಲಿಲ್ಲ. ದೋಣಿಯಲ್ಲಿ ಉಳಿದವರು ಎರಡು ದಿನಕ್ಕೆ ಕಣಿವೆಯಿಂದ ಪಾರಾಗಿದ್ದರು. ಎರಡು ವರ್ಷಗಳ ಬಳಿಕ ಪರಿಯಾ ಕಣಿವೆಯಲ್ಲಿ ದನ ಹೊಡೆದುಕೊಂಡು ಇಳಿದುಬಂದ ಜಾನ್ ಡಿ. ಲೀಗೆ ಈ ದುರ್ಗಮತೆಯೇ ಬೇಕಾಗಿತ್ತು. 1857ರ ಒಂದು ಸಾಮೂಹಿಕ ಕೊಲೆಗೆ ಸಂಬಂಧಿಸಿ ಅವನನ್ನು ಹುಡುಕುತ್ತಿದ್ದರು. ಅವನು ನಡೆಸಿದ ದೋಣಿಕಡವಿನಿಂದಲೇ ಆ ಜಾಗ ಈಗ ಲೀಸ್ ಫೆರಿ.

ಇವೆಲ್ಲ ಹಸಿವಿನ, ದಾರಿ ತಪ್ಪುವ ಕತೆಗಳು. ಬೇಸಿಗೆಯ ಸೀಳುಕಣಿವೆಯ ನಿಜವಾದ ಭಯ ಬೇರೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಗೂ ಒಂದು ಮುಂಗಾರು ಬರುತ್ತದೆ. ನಮ್ಮ ಜಡಿಮಳೆಯಲ್ಲ, ಬೆಳಗಿನ ಬಿಸಿಲಿಗೆ ಕಾದ ನೆಲದ ಮೇಲೆ ಮಧ್ಯಾಹ್ನ ಮೋಡ ಕಟ್ಟಿ, ಒಂದೇ ಕಡೆ ಸುರಿದು ಹೋಗುವ ಮಳೆ. ನೆಲವೆಲ್ಲ ಬೋಳುಬಂಡೆ. ಹೀರುವ ಮಣ್ಣಿಲ್ಲ, ತಡೆಯುವ ಬೇರಿಲ್ಲ. ಬಿದ್ದ ನೀರೆಲ್ಲ ತಗ್ಗು ಹುಡುಕಿ ಸೀಳಿಗೆ ಇಳಿಯುತ್ತದೆ. ಅಂದರೆ ಬಿಸಿಲಿನ ಲೆಕ್ಕವೂ ಪ್ರವಾಹದ ಲೆಕ್ಕವೂ ಎರಡಲ್ಲ. ಬಿಸಿಲಿಗೆ ಹೆದರಿ ನೆರಳು ಹುಡುಕಿಕೊಂಡು ಒಳಗೆ ಹೋದವನು, ಆ ಬಿಸಿಲು ಕರೆತರುವ ನೀರಿನ ದಾರಿಯಲ್ಲೇ ನಿಂತಿರುತ್ತಾನೆ. ಆ ಸೀಳನ್ನು ಕೊರೆದದ್ದೂ ಅದೇ ನೀರು.

ಲೀಸ್ ಫೆರಿಯಿಂದ ಅಷ್ಟೇನೂ ದೂರವಿಲ್ಲದ ಪೇಜ್ ಊರಿನ ಬಳಿ, ನವಾಹೋ ಜನರ ನೆಲದಲ್ಲಿ, ಆಂಟಿಲೋಪ್ ಕ್ಯಾನಿಯನ್ ಇದೆ. ಬೆಳಕಿನ ಕೋಲು ಇಳಿಯುವ ಅದರ ಕೆಂಪು ಗೋಡೆಗಳ ಚಿತ್ರವನ್ನು ನೀವು ಯಾವುದಾದರೂ ಕಂಪ್ಯೂಟರ್ ಪರದೆಯ ಮೇಲೆ ನೋಡಿರುತ್ತೀರಿ. 1997ರ ಆಗಸ್ಟ್ 12ರಂದು ಅದರ ಕೆಳಭಾಗಕ್ಕೆ ಇಳಿದಿದ್ದ 11 ಪ್ರವಾಸಿಗಳು ಪ್ರವಾಹದಲ್ಲಿ ಸತ್ತರು. ಹೆಚ್ಚಿನವರು ಫ್ರಾನ್ಸಿನಿಂದ ಬಂದವರು. ಅವರಿದ್ದ ಜಾಗದಲ್ಲಿ ಹೇಳಿಕೊಳ್ಳುವಂಥ ಮಳೆಯೇ ಇರಲಿಲ್ಲ. ಹತ್ತು ಕಿ.ಮೀ.ಗೂ ಆಚೆ, ಹಳ್ಳದ ಮೇಲ್ಭಾಗದಲ್ಲಿ ಸುರಿದಿತ್ತು. ಹತ್ತಲು ಇದ್ದ ಮರದ ಏಣಿಗಳನ್ನೂ ನೀರು ಕೊಂಡೊಯ್ದಿತು. ಮಾರ್ಗದರ್ಶಿಯೊಬ್ಬ ಬದುಕಿದ.

ಹೊರಗಿನವರು ಒಂದು ಕಾಲಕ್ಕೆ ಅಲ್ಲಿ ಮೇಯುತ್ತಿದ್ದ ಜಿಂಕೆಯಂಥ ಪ್ರಾಣಿಗಳ ಮೇಲೆ ಕಣಿವೆಗೆ ಹೆಸರಿಟ್ಟರು. ನವಾಹೋ ಭಾಷೆಯಲ್ಲಿ ಅದರ ಮೇಲ್ಭಾಗದ ಹೆಸರು ‘ತ್ಸೆ ಬಿಘನಿಲಿನಿ’: ಬಂಡೆಗಳ ನಡುವೆ ನೀರು ಹರಿಯುವ ಜಾಗ. ವರ್ಷದ ಬಹುಪಾಲು ದಿನ ಅಲ್ಲಿ ಹನಿ ನೀರಿಲ್ಲ. ಒಣಮರಳಿನ ಮೇಲೆ ನಿಂತು ಇಲ್ಲಿ ನೀರು ಹರಿಯುತ್ತದೆ ಎಂದು ಹೇಳಬೇಕಾದರೆ, ಹರಿದದ್ದನ್ನು ಕಂಡವರು ಮಕ್ಕಳಿಗೆ ದಾಟಿಸಿರಬೇಕು. ಸ್ಥಳನಾಮಗಳನ್ನು ಶಾಸನದಷ್ಟೇ ಗಂಭೀರವಾಗಿ ಓದಬೇಕು ಎಂಬ ಮಾತನ್ನು ನಮ್ಮ ತರಗತಿಗಳಲ್ಲಿ ಕೇಳಿದ್ದೆ. ಅದು ಜೀವ ಉಳಿಸುವ ಮಾತೂ ಆಗಬಹುದೆಂದು ಹೊಳೆದದ್ದು ಈ ಹೆಸರಿನಿಂದ. ಜಿಂಕೆಯ ಹೆಸರಿನಲ್ಲಿ ಆ ಮಾಹಿತಿ ಇಲ್ಲ.

ದುರಂತದ ನಂತರ ಅಲ್ಲಿ ಬಂಡೆಗೆ ಬಿಗಿದ ಲೋಹದ ಮೆಟ್ಟಿಲು, ಎಚ್ಚರಿಕೆಯ ಗಂಟೆ ಬಂದವು. ಈಗ ಮಾರ್ಗದರ್ಶಿ ಇಲ್ಲದೆ ಪ್ರವೇಶವಿಲ್ಲ.

ಆದರೆ ತಿಳಿವಳಿಕೆ ಕಾಗದಕ್ಕೆ ಇಳಿದ ಮಾತ್ರಕ್ಕೆ ಮುಗಿಯಿತೇ? 2015ರ ಸೆಪ್ಟೆಂಬರ್ 14ರ ಬೆಳಿಗ್ಗೆ ಯೂಟಾದ ಜಯಾನ್ ರಾಷ್ಟ್ರೀಯ ಉದ್ಯಾನದಲ್ಲಿ ಏಳು ಮಂದಿಯ ತಂಡ ಕೀಹೋಲ್ ಕಣಿವೆಗೆ ಪರವಾನಗಿ ಪಡೆಯಿತು. ಪ್ರವಾಹದ ಸಾಧ್ಯತೆ ಇದೆಯೆಂದು ಹೇಳಲಾಗಿತ್ತು. ಹೋಗಬೇಡಿ ಎನ್ನಲು ನಿಯಮವಿರಲಿಲ್ಲ, ಹೊಣೆ ಹೋಗುವವರದು. ಮಧ್ಯಾಹ್ನದ ಮಳೆಗೆ ಏಳೂ ಮಂದಿ ಸತ್ತರು. ಅದೇ ದಿನ ಹತ್ತಿರದ ಹಿಲ್‌ಡೇಲ್‌ನಲ್ಲಿ ವಾಹನಗಳ ಸಮೇತ ಕೊಚ್ಚಿಹೋಗಿ ತಾಯಂದಿರು, ಮಕ್ಕಳು ಸೇರಿ 13 ಮಂದಿ ತೀರಿಕೊಂಡರು; ಅವರು ಯಾವ ಸಾಹಸಕ್ಕೂ ಹೊರಟವರಲ್ಲ. ಪ್ರಭುತ್ವ ಕಣಿವೆಯ ಬಾಗಿಲು ಮುಚ್ಚಬೇಕೇ, ಎಚ್ಚರಿಸಿ ಸುಮ್ಮನಿರಬೇಕೇ ಎಂಬ ಚರ್ಚೆ ಆಮೇಲೆ ಎದ್ದಿತು. ಮುಚ್ಚುವುದೇ ಸರಿ ಎಂದು ನನಗೆ ಅನ್ನಿಸುತ್ತದೆ. ಪರವಾನಗಿ ಕೈಯಲ್ಲಿದ್ದಾಗ, ಯಾರೋ ನೋಡಿಯೇ ಕೊಟ್ಟಿದ್ದಾರೆ ಎಂಬ ಭಾವ ಬರದಿರಲು ಸಾಧ್ಯವಿಲ್ಲ.

ಬಕ್‌ಸ್ಕಿನ್‌ನಲ್ಲಿ ಗಂಟೆಯಿಲ್ಲ, ಮೆಟ್ಟಿಲಿಲ್ಲ. ಹೊರಡುವ ಮುನ್ನ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿಕೊಳ್ಳಬೇಕು, ಆಕಾಶ ಅನುಮಾನ ಹುಟ್ಟಿಸಿದರೆ ತಿಂಗಳುಗಟ್ಟಲೆ ಕಾದು ಪಡೆದ ಪರವಾನಗಿಯನ್ನೂ ಬಿಡಬೇಕು. ಒಳಗೆ ಹೋದ ಮೇಲೆ ತಲೆಯೆತ್ತಿದರೆ ಕಾಣುವುದು ಬೆರಳಗಲದ ಆಕಾಶ. ಅದರ ಕೆಳಗೆ, ನಡೆಯುವವರ ತಲೆಗಿಂತ ಎಷ್ಟೋ ಮೇಲೆ, ಎರಡು ಗೋಡೆಗಳ ನಡುವೆ ಅಡ್ಡಡ್ಡ ಸಿಕ್ಕಿಕೊಂಡ ಮರದ ದಿಮ್ಮಿಗಳಿವೆ. ಹಿಂದಿನ ಯಾವುದೋ ಪ್ರವಾಹ ಅವನ್ನು ಅಲ್ಲಿಟ್ಟು ಇಳಿದುಹೋಗಿದೆ.